ಶನಿವಾರದ ಗಾಳ

ತಮ್ಮನ ಕೋಣೆಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಚಿಲಕ ಹಾಕಿದ್ದರೆ ಬಡಿಯಬಹುದಿತ್ತು, ಕೂಗಾಡಬಹುದಿತ್ತು, ಬಡಗಿಯನ್ನು ಕರೆಸಿ ಬಿಚ್ಚಿಸಬಹುದಿತ್ತು. ಬರೀ ಮುಚ್ಚಿದ ಬಾಗಿಲನ್ನು ಏನು ಮಾಡುವುದು? ತಳ್ಳಿದರೆ ತೆರೆದುಕೊಳ್ಳುತ್ತಿತ್ತು. ಅವಳ ಕಾಲು ಹೊಸ್ತಿಲು ದಾಟುತ್ತಿದ್ದ ಹಾಗೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವನ ಬೆನ್ನಿಗೆ ಮಾತಾಡಿ ಮಾತಾಡಿ ಅವಳು ಸೋತಿದ್ದಳು. ಅಮ್ಮನಂತೂ ಮಗನ ಮುಖ ನೋಡಿ ತಿಂಗಳುಗಳೇ ಆಗಿದ್ದವು. ಊಟದ ತಟ್ಟೆ ಬಾಗಿಲಲ್ಲಿ ಇಡುತ್ತಿದ್ದಳು, ಅರ್ಧ ಖಾಲಿಯಾದ ತಟ್ಟೆ ಎತ್ತಿಕೊಂಡು ಬರುತ್ತಿದ್ದಳು.

ಮೊದಲು ಅವನು ಹೀಗಿರಲಿಲ್ಲ. ಸರಕಿನ ಅಂಗಳದಲ್ಲಿ ಕ್ರೇನ್ ಓಡಿಸುತ್ತಿದ್ದ. ಮೇಲೆ ಗಾಜಿನ ಗೂಡಿನಲ್ಲಿ ಇವನು, ಕೆಳಗೆ ಸರಕಿಗೆ ಹಗ್ಗ ಬಿಗಿದು ಕೈಸನ್ನೆ ಮಾಡಲು ಅವನ ಸ್ನೇಹಿತ. ಉದ್ದಕ್ಕೆ ಇದ್ದನೆಂದು ಎಲ್ಲರೂ ಅವನನ್ನು ಲಂಬು ಅಂತಲೇ ಕರೆಯುತ್ತಿದ್ದರು. ಒಬ್ಬ ಕೆಮ್ಮಿದರೆ ಇನ್ನೊಬ್ಬ ನೀರು ಕುಡಿಯುವಂಥ ಜೋಡಿ. ಒಂದು ದಿನ ಮಧ್ಯಾಹ್ನ ಕ್ರೇನಿನ ಉಕ್ಕಿನ ಹಗ್ಗ ತುಂಡಾಯಿತು. ಸರಕು ಲಂಬುವಿನ ಮೇಲೆ ಬಿತ್ತು. ಹಗ್ಗ ಒಳಗೊಳಗೇ ಸವೆದಿತ್ತು, ಮೇಲೆ ನೋಡಿದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ, ಓಡಿಸುತ್ತಿದ್ದವನದು ಎಳ್ಳಷ್ಟೂ ತಪ್ಪಿಲ್ಲ ಎಂದು ವಿಚಾರಣೆ ನಡೆಸಿದವರು ಹೇಳಿದರು. ಲಂಬುವಿನ ತಾಯಿ ಕೂಡ ಮನೆಗೆ ಬಂದು ಅದನ್ನೇ ಹೇಳಿದಳು. ತಪ್ಪಿಲ್ಲ ಎಂದು ಜಗತ್ತೆಲ್ಲ ಹೇಳಿದ ಮೇಲೆ ಅವನು ಆ ಕೋಣೆ ಸೇರಿದ್ದು.

ಅಲ್ಲಿ ಅವನು ಆಟ ಆಡುತ್ತಿದ್ದ. ಕೈಯಲ್ಲಿ ಹಿಡಿದು ಆಡುವ ಒಂದು ಸಣ್ಣ ಯಂತ್ರ. ಅದರೊಳಗೆ ಒಂದು ದ್ವೀಪ. ಅಲ್ಲಿ ಹೊಡೆದಾಟ ಇಲ್ಲ, ಸಾವು ಇಲ್ಲ, ಅವಸರ ಇಲ್ಲ. ಗಿಡ ನೆಡುವುದು, ಹಣ್ಣು ಕೀಳುವುದು, ಮನೆ ಕಟ್ಟುವುದು, ಮೀನು ಹಿಡಿಯುವುದು. ಗೋಡೆಯ ಈಚೆ ಮಲಗುತ್ತಿದ್ದ ಅಕ್ಕನಿಗೆ ಅಲೆಯ ಸದ್ದು, ಗಾಳ ನೀರಿಗೆ ಬಿದ್ದ 'ಗುಳುಕ್', ಒಂದು ಮೆತ್ತನೆಯ ಪಿಯಾನೊ ಕೇಳಿಸುತ್ತಿತ್ತು.

"ಹೊಟ್ಟೆಗಿಲ್ಲದ ಮೀನು ಹಿಡಿದು ಏನು ಮಾಡ್ತಾನೋ," ಎಂದು ಅಮ್ಮ ಗೊಣಗುತ್ತಿದ್ದಳು.

ಅಕ್ಕ ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಳು. ಒದ್ದೆ ಹಾಸಿಗೆಬಟ್ಟೆಯ ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುವುದು ಅವಳ ಕೆಲಸ. ಇನ್ನೊಂದು ತುದಿ ಹಿಡಿಯುವವಳಿಗೆ ಗುಬ್ಬಿ ಎಂದು ಹೆಸರು. ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅಕ್ಕ ತಮ್ಮನ ವಿಷಯ ಹೇಳಿಕೊಂಡಾಗ ಗುಬ್ಬಿ ಹೇಳಿದಳು:

"ಅವನು ಈಚೆ ಬರಲ್ಲ ಅಂದ್ರೆ ನೀನೇ ಆಚೆ ಹೋಗು. ನನ್ನ ಮಗಳ ಹತ್ರ ಅದೇ ಆಟ ಇದೆ, ಬೇಜಾರಾಗಿ ಮೂಲೆಗೆ ಎಸೆದಿದ್ದಾಳೆ. ಒಬ್ಬರ ದ್ವೀಪಕ್ಕೆ ಇನ್ನೊಬ್ಬರು ದೋಣೀಲಿ ಹೋಗಬಹುದು. ಅವರು ಗುಟ್ಟಿನ ಕೋಡ್ ಕೊಡಬೇಕು, ಅಷ್ಟೇ."

ಅಕ್ಕ ಆ ಯಂತ್ರ ತಂದಳು. ಗುಬ್ಬಿಯ ಮಗಳು ಊಟದ ಬಿಡುವಿನಲ್ಲಿ ಬಂದು ಯಾವ ಗುಂಡಿ ಯಾವುದಕ್ಕೆ ಎಂದು ಹೇಳಿಕೊಟ್ಟಳು. ಸಂಜೆ ಅಕ್ಕ ತಮ್ಮನ ಬಾಗಿಲಿಗೆ ಹಣೆ ಆನಿಸಿ ಕೇಳಿದಳು:

"ನಿನ್ನ ದ್ವೀಪಕ್ಕೆ ನಾನೂ ಬರ್ಲೇನೋ?"

ಅವಳು ಹೋಗಿ ಪಾತ್ರೆ ತೊಳೆದಳು. ಕೈ ಒರೆಸಿಕೊಂಡು ಫೋನು ನೋಡಿದರೆ ಅದರಲ್ಲಿ ಐದು ಅಕ್ಷರದ ಕೋಡ್. ಅಷ್ಟು ತಿಂಗಳಲ್ಲಿ ಅವನು ಅವಳಿಗೆ ಕಳಿಸಿದ ಮೊದಲ ಸಂದೇಶ. ಮುಂದೆ ಇಲ್ಲ, ಹಿಂದೆ ಇಲ್ಲ, ಬರೀ ಐದು ಅಕ್ಷರ. ಅವಳು ಸಿಂಕಿನ ಹತ್ತಿರವೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ದೋಣಿ ಇಳಿದಾಗ ಹುಲ್ಲಿನ ಟೋಪಿ ಹಾಕಿಕೊಂಡ ಒಂದು ಪುಟ್ಟ ಗೊಂಬೆ ದಡದಲ್ಲಿ ನಿಂತಿತ್ತು. ಅದರ ತಲೆಯ ಮೇಲೆ ಅಕ್ಷರ ಮೂಡಿತು.

'ಶನಿವಾರ ಮೀನು ಹಿಡಿಯೋ ಪಂದ್ಯ ಇದೆ. ಜೊತೆಗೆ ಒಬ್ಬರು ಇದ್ದರೆ ಅಂಕ ಜಾಸ್ತಿ. ಬರ್ತೀಯಾ?'

'ಬರ್ತೀನಿ,' ಎಂದು ಬರೆಯಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಗೊಂಬೆ ಎರಡು ಗಿಡಕ್ಕೆ ನೀರು ಹಾಕಿ ಬಂದಿತ್ತು.

ಪಂದ್ಯ ನಡೆಸುವುದು ಟೈ ಕಟ್ಟಿಕೊಂಡ ಒಂದು ನೀರುನಾಯಿ. ಅದು ಸೀಟಿ ಊದಿದರೆ ಮೂರು ನಿಮಿಷದ ಸುತ್ತು ಶುರು. ಗಾಳ ಎಸೆಯಬೇಕು. ಮೀನು ಬಂದು ನೀರಿನ ಮೇಲೆ ತೇಲುವ ಬೆಂಡನ್ನು ಒಂದೆರಡು ಸಲ ಸುಮ್ಮನೆ ಮೂತಿಯಿಂದ ತಿವಿಯುತ್ತದೆ. ಆಗ ಗುಂಡಿ ಒತ್ತಿದರೆ ಮೀನು ಓಡಿಹೋಗುತ್ತದೆ. ನಿಜವಾಗಿ ಕಚ್ಚಿ ಬೆಂಡು ಮುಳುಗಿದಾಗ ಮಾತ್ರ ಒತ್ತಬೇಕು. ಅಕ್ಕ ಎಲ್ಲದಕ್ಕೂ ಒತ್ತಿದಳು. ಮೊದಲ ಸುತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಹಳೇ ಬೂಟು.

'ಅಕ್ಕಾ, ಅದು ಗಾಳ. ಬಟ್ಟೆ ಬಡಿಯೋ ಕೋಲಲ್ಲ.'

ಅವಳು ಜೋರಾಗಿ ನಕ್ಕಳು. ಗೋಡೆಯಾಚೆಯೂ ಏನೋ ಸದ್ದಾಯಿತು. ನಗುವೋ ಕೆಮ್ಮೋ ಅವಳಿಗೆ ಗೊತ್ತಾಗಲಿಲ್ಲ.

'ಕಣ್ಣು ಮುಚ್ಕೋ,' ಎಂದು ಬರೆದ ಅವನು. 'ಕಣ್ಣು ಮೋಸ ಮಾಡುತ್ತೆ. ಕಿವಿಗೊಟ್ಟು ಕೇಳು. ತಿವಿದಾಗ ಟಿಕ್ ಅನ್ನುತ್ತೆ. ಕಚ್ಚಿದಾಗ ಗುಳುಕ್.'

ಅಂದಿನಿಂದ ಅಕ್ಕ ಕಣ್ಣು ಮುಚ್ಚಿಕೊಂಡು ಮೀನು ಹಿಡಿದಳು. ಹಾಗೆ ಹಿಡಿಯಲು ಕಲಿತದ್ದೇ ತಡ, ಕೈ ತಾನಾಗಿ ಓಡತೊಡಗಿತು. ಪಂದ್ಯದ ಬಹುಮಾನಗಳಲ್ಲಿ ಕಂಚಿನ ಕಪ್ಪು, ಬೆಳ್ಳಿಯ ಕಪ್ಪು ಅವನ ಬಳಿ ಮೊದಲೇ ಇದ್ದವು. ಇನ್ನು ಬಾಕಿಯಿದ್ದದ್ದು ಚಿನ್ನದ್ದು. ಅದಕ್ಕೆ ಬೇಕಾದ ಅಂಕ ಮಾತ್ರ ರಾಶಿ. ಶನಿವಾರದ ಪಾಳಿಯನ್ನು ಅವಳು ಗುಬ್ಬಿಯ ಕೈಕಾಲು ಹಿಡಿದು ಬದಲಾಯಿಸಿಕೊಂಡಳು. ವಾರವಿಡೀ ಬಿಸಿ ಆವಿಯಲ್ಲಿ ಬೆಂದು, ಶನಿವಾರ ಬೆಳಿಗ್ಗೆ ಎದ್ದರೆ ಮದುವೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಹಾಸಿಗೆಯ ಮೇಲೆ ಕೂರುತ್ತಿದ್ದಳು. ಒಂದೇ ಮನೆ, ಒಂದೇ ಗೋಡೆ, ಆದರೂ ತಮ್ಮನನ್ನು ನೋಡಲು ಸಮುದ್ರ ದಾಟಬೇಕು.

ಹೀಗೇ ಒಂದು ದಿನ ಅವನು ಯಾರೂ ಹಿಡಿಯದ ಒಂದು ಭಾರಿ ಮೀನು ಎಳೆದ. ಅವಳಿಗೆ ಖುಷಿ ತಡೆಯಲಾಗಲಿಲ್ಲ. 'ಅದಕ್ಕೇ ಹೇಳೋದು, ಹಗ್ಗಕ್ಕೆ ಭಾರ ಬಿದ್ದದ್ದು ನಿನ್ನ ಕೈಗೆ ಗೊತ್ತಾಗುತ್ತೆ,' ಎಂದು ಬರೆದಳು. ಕಳಿಸಿದ ಮರುಗಳಿಗೆಯೇ ಅವಳಿಗೆ ಕ್ರೇನಿನ ಹಗ್ಗ ನೆನಪಾಯಿತು. ಆಡಿದ ಮಾತು, ಒಡೆದ ಮುತ್ತು. ಪರದೆ ಕಪ್ಪಾಯಿತು. 'ಈ ದ್ವೀಪಕ್ಕೆ ಈಗ ದೋಣಿ ಇಲ್ಲ' ಎಂಬ ಒಂದೇ ಸಾಲು ಉಳಿಯಿತು.

ಅವಳು ಓಡಿಹೋಗಿ ಬಾಗಿಲು ತಳ್ಳಿದಳು. ಬೆನ್ನು.

"ತಪ್ಪಾಯ್ತು ಕಣೋ. ನಾನು ಹಾಗಲ್ಲ ಹೇಳಿದ್ದು."



ಮುಂದಿನ ಶನಿವಾರ ದೋಣಿ ಇರಲಿಲ್ಲ. ಅದರ ಮುಂದಿನದಕ್ಕೂ ಇರಲಿಲ್ಲ. ಗೋಡೆಯಾಚೆ ಪಿಯಾನೊ ಕೂಡ ನಿಂತಿತ್ತು. ಅಮ್ಮ ತರುತ್ತಿದ್ದ ತಟ್ಟೆ ಇಟ್ಟ ಹಾಗೇ ಇರುತ್ತಿತ್ತು. "ಏನಂದೆ ನೀನು ಅವನಿಗೆ?" ಎಂದು ಅಮ್ಮ ಕೇಳಿದರೆ ಅವಳು ಬಟ್ಟೆ ಒಣಹಾಕಲು ಎದ್ದುಹೋದಳು. ಮನೆಗೆ ಕರೆಸಿದ ಡಾಕ್ಟರು ಬೆನ್ನಿನ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಮಾತ್ರೆ ಬರೆದುಕೊಟ್ಟು, "ಒತ್ತಾಯ ಮಾಡಬೇಡಿ, ಒಂಟಿಯಾಗೂ ಬಿಡಬೇಡಿ," ಎಂದು ಹೇಳಿಹೋದರು. ಎರಡರ ನಡುವೆ ಇರುವ ಜಾಗ ಯಾವುದು ಎಂದು ಅವರೂ ಹೇಳಲಿಲ್ಲ.

ಮೂರನೆಯ ಶನಿವಾರ ದೋಣಿ ಬಂತು. ಏನೂ ನಡೆದೇ ಇಲ್ಲದ ಹಾಗೆ ಗೊಂಬೆ ದಡದಲ್ಲಿ ನಿಂತಿತ್ತು. 'ಹುಳ ತಂದಿದ್ದೀನಿ, ತಗೋ,' ಎಂದಿತು. ಅವಳು ತೆಗೆದುಕೊಂಡು ಗಾಳಕ್ಕೆ ಸಿಕ್ಕಿಸಿದಳು.

ಆದರೆ ಅಂದಿನಿಂದ ಅವಳಿಗೆ ಒಂದು ಭಯ ಹೊಕ್ಕಿತು. ನೀರುನಾಯಿಯ ಪಕ್ಕದ ಹಲಗೆಯಲ್ಲಿ ಅಂಕ ಏರುತ್ತಿತ್ತು. ಚಿನ್ನದ ಕಪ್ಪಿಗೆ ಇನ್ನು ಸ್ವಲ್ಪವೇ ಬಾಕಿ. ಅದು ಸಿಕ್ಕಿಬಿಟ್ಟರೆ ಆಮೇಲೆ? ಪಂದ್ಯದಲ್ಲಿ ಗೆಲ್ಲಲು ಏನೂ ಉಳಿಯುವುದಿಲ್ಲ. ಇವಳಿಗೂ ಅಲ್ಲಿ ಕೆಲಸ ಇರುವುದಿಲ್ಲ. ದೋಣಿಯಿಲ್ಲದ ಆ ಎರಡು ಶನಿವಾರ ಹೇಗಿದ್ದವೆಂದು ಅವಳು ಕಂಡಿದ್ದಳು. ಅತ್ತ ದರಿ, ಇತ್ತ ಪುಲಿ: ಗೆದ್ದರೆ ತಮ್ಮ ಕೈತಪ್ಪುತ್ತಾನೆ, ಸೋತರೆ ಅವನಿಗೆ ಇರುವ ಒಂದು ಆಸೆಯೂ ಹೋಗುತ್ತದೆ. ಅವಳು ಯೋಚಿಸಿ ಯೋಚಿಸಿ, ಗುಳುಕ್ ಎಂದ ಮೇಲೆ ಒಂದು ಉಸಿರು ತಡೆದು ಗುಂಡಿ ಒತ್ತತೊಡಗಿದಳು. ಮೀನು ತಪ್ಪಿಸಿಕೊಂಡು ಹೋಗುತ್ತಿತ್ತು. 'ಅಯ್ಯೋ' ಎಂದು ಬರೆಯುತ್ತಿದ್ದಳು. ಹಾಗೆ ಒಂದು ವಾರ ತಳ್ಳಿದಳು, ಇನ್ನೊಂದು ವಾರ ತಳ್ಳಿದಳು.

ಅದರ ಮುಂದಿನ ವಾರ ಅವನು ಗಾಳ ಕೆಳಗಿಟ್ಟ.

'ಅಕ್ಕಾ, ಬೇಕೂಂತ ಬಿಡ್ತಿದ್ದೀಯಾ?'

'ಇಲ್ಲ ಕಣೋ. ಕೈ ಸಾಗ್ತಿಲ್ಲ.'

'ಸುಳ್ಳು ಹೇಳ್ಬೇಡ. ಹೋದ ತಿಂಗಳು ನನಗಿಂತ ಜಾಸ್ತಿ ಹಿಡಿದವಳು ನೀನು.'

ನೀರುನಾಯಿ ಸೀಟಿ ಊದಿ ಸುತ್ತು ಮುಗಿಸಿತು. ಅವಳು ಯಂತ್ರವನ್ನು ತೊಡೆಯ ಮೇಲಿಟ್ಟು ಕೈ ಒರೆಸಿಕೊಂಡಳು. ಸುಳ್ಳಿನ ಮೇಲೆ ಸುಳ್ಳು ಪೇರಿಸಲು ಮನಸ್ಸಾಗಲಿಲ್ಲ.

'ಕಪ್ಪು ಸಿಕ್ಕಿಬಿಟ್ರೆ ನೀನು ದೋಣಿ ನಿಲ್ಲಿಸ್ತೀಯ. ಆಮೇಲೆ ನಿನ್ನ ನೋಡೋಕೆ ನಾನು ಎಲ್ಲಿಗೆ ಬರ್ಲಿ?'

ಗೊಂಬೆ ನಿಂತಲ್ಲೇ ನಿಂತಿತು. ಆಡುವವರು ಕೈಬಿಟ್ಟಾಗ ಆ ಗೊಂಬೆಗಳು ತಾವಾಗಿಯೇ ಒಮ್ಮೆ ಆಕಳಿಸಿ, ಒಮ್ಮೆ ತಲೆ ಕೆರೆದುಕೊಳ್ಳುತ್ತವೆ. ಇದೂ ಆಕಳಿಸಿತು. ಆಮೇಲೆ ನಿಧಾನವಾಗಿ ಅಕ್ಷರ ಮೂಡಿದವು.

'ಅದು ನನಗಲ್ಲ ಅಕ್ಕಾ. ಬಾ ಇಲ್ಲಿ.'

ಅವನು ಅವಳನ್ನು ದ್ವೀಪದ ಹಿಂಬದಿಗೆ ಕರೆದುಕೊಂಡು ಹೋದ. ಅಲ್ಲಿಗೆ ಅವಳು ಹೋದದ್ದೇ ಇಲ್ಲ. ನೀಲಿ ಸೂರಿನ ಒಂದು ಸಣ್ಣ ಮನೆ. ದೀಪ ಇಲ್ಲ. ಆದರೆ ದಾರಿಯಲ್ಲಿ ಒಂದು ಕಳೆ ಕೂಡ ಇರಲಿಲ್ಲ, ಎರಡೂ ಕಡೆಯ ಹೂವಿಗೆ ಆಗಷ್ಟೇ ನೀರು ಹಾಕಿದ ಮಿನುಗು.

'ಲಂಬು ಮನೆ. ಅವನೂ ನಾನೂ ಸೇರಿ ಶುರು ಮಾಡಿದ ದ್ವೀಪ ಇದು. ಬೆಳ್ಳಿ ತನಕ ಅವನೇ ಜೊತೆಗಿದ್ದ. ಚಿನ್ನ ಬಂದ್ರೆ ನನ್ನ ಬಾಗಿಲಲ್ಲೇ ಇಡಬೇಕು ಅಂತ ಜಗಳ ಆಡ್ತಿದ್ದ. ನಾನು ಕೊಡಲ್ಲ ಅಂತಿದ್ದೆ.'

ಎರಡು ವಾರ ಅವಳು ತಪ್ಪಿಸಿದ ಒಂದೊಂದು ಮೀನೂ ಕಣ್ಣ ಮುಂದೆ ಬಂತು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ಅವಳು ತಡೆದದ್ದು ಇದನ್ನು.

'ನಡಿ,' ಎಂದು ಬರೆದಳು. 'ಗಾಳ ಎತ್ಕೋ.'

ಇಬ್ಬರೂ ಗಾಳ ಎಸೆದರು. ಸುತ್ತಿನ ಮೇಲೆ ಸುತ್ತು. ಅವಳು ಕಣ್ಣು ಮುಚ್ಚಿದವಳು ತೆರೆಯಲಿಲ್ಲ. ಟಿಕ್, ಟಿಕ್, ಗುಳುಕ್. ಟಿಕ್, ಗುಳುಕ್. ಅಮ್ಮ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. ಕಿಟಕಿಯ ಬಿಸಿಲು ಹಾಸಿಗೆಯಿಂದ ನೆಲಕ್ಕೆ ಇಳಿಯುವ ಹೊತ್ತಿಗೆ ನೀರುನಾಯಿ ತುತ್ತೂರಿ ಊದಿತು. ಬಣ್ಣದ ಕಾಗದಚೂರು ಉದುರಿದವು. ಬಾಲ ಎತ್ತಿ ನಿಂತ ಚಿನ್ನದ ಮೀನಿನ ಕಪ್ಪನ್ನು ಗೊಂಬೆ ಎರಡೂ ಕೈಯಲ್ಲಿ ತಲೆಯ ಮೇಲೆ ಹಿಡಿಯಿತು. ಗೆಲುವು ಎಂದರೆ ಇದೇ. ದ್ವೀಪದ ಪ್ರಾಣಿಗಳೆಲ್ಲ ಚಪ್ಪಾಳೆ ತಟ್ಟಿದವು.

ಅವನು ಕಪ್ಪನ್ನು ನೀಲಿ ಸೂರಿನ ಮನೆಗೆ ಒಯ್ದು ಬಾಗಿಲ ಮುಂದಿಟ್ಟ. ಸ್ವಲ್ಪ ಎಡಕ್ಕೆ ಸರಿಸಿದ. ಮತ್ತೆ ಬಲಕ್ಕೆ. ನಟ್ಟನಡುವೆ ಬರುವವರೆಗೂ ಸರಿಸುತ್ತಲೇ ಇದ್ದ. ಆಮೇಲೆ ಗೊಂಬೆ ಹುಲ್ಲಿನ ಮೇಲೆ ಕೂತಿತು. ಅವಳೂ ತನ್ನ ಗೊಂಬೆಯನ್ನು ಪಕ್ಕದಲ್ಲಿ ಕೂರಿಸಿದಳು.

'ಈಗ ಏನ್ ಮಾಡೋದು ಅಕ್ಕಾ?'

'ಹೊರಗೆ ಬಾರೋ' ಎಂದು ಬರೆದು ಅಳಿಸಿದಳು. 'ಡಾಕ್ಟರ ಹತ್ರ ಹೋಗೋಣ' ಎಂದು ಬರೆದು ಅದನ್ನೂ ಅಳಿಸಿದಳು. ಹಿಂದೊಮ್ಮೆ ಒಂದು ಮಾತು ಆಡಿ ಕೆಟ್ಟಿದ್ದಳು.

'ಗೊತ್ತಿಲ್ಲ ಕಣೋ.'

'ನನಗೂ.'

ಅವಳು ಎದ್ದುಹೋಗಿ ಅವನ ಬಾಗಿಲು ತಳ್ಳಿದಳು. ಅವನು ಹಾಸಿಗೆಯ ಅಂಚಿನಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದ. ಭುಜ ಅದುರುತ್ತಿತ್ತು. ಅವಳು ಬಂದು ಹಿಂದೆ ಕೂತು ಬೆನ್ನಿನ ಮೇಲೆ ಕೈ ಇಟ್ಟಳು. ಅವನು ಕೊಡವಲಿಲ್ಲ, ತಿರುಗಲೂ ಇಲ್ಲ. ಅಂಗಿಯೊಳಗೆ ಬೆನ್ನುಮೂಳೆ ಒಂದೊಂದಾಗಿ ಕೈಗೆ ಸಿಗುತ್ತಿತ್ತು. ಅಳು ನಿಂತ ಮೇಲೆ ಅವನು ಎಂದಿನ ಹಾಗೆ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಹೊದಿಕೆ ಎಳೆದು ಬಾಗಿಲು ಮುಂದಕ್ಕೆ ಮಾಡಿ ಬಂದಳು.

"ಗೆದ್ರಾ?" ಎಂದು ಕೇಳಿದಳು ಅಮ್ಮ.

"ಗೆದ್ವಿ."

"ಹಾಗಾದ್ರೆ ಇನ್ನು ಹೊರಗೆ ಬರ್ತಾನಾ?"

ಅಕ್ಕ ತಟ್ಟೆ ತೆಗೆದುಕೊಂಡು ಊಟಕ್ಕೆ ಕೂತಳು.

ಅವನು ಹೊರಗೆ ಬರಲಿಲ್ಲ. ಆ ವಾರವೂ ಇಲ್ಲ, ಆ ಚಳಿಗಾಲ ಮುಗಿಯುವವರೆಗೂ ಇಲ್ಲ. ಡಾಕ್ಟರು ಮತ್ತೆ ಬಂದರು, ಮಾತ್ರೆ ಬದಲಾಯಿಸಿದರು. ಆದರೆ ಮುಂದಿನ ಶನಿವಾರ, ಇರಲಾರದು ಎಂದುಕೊಂಡೇ ಅಕ್ಕ ಯಂತ್ರ ತೆರೆದಾಗ, ದೋಣಿ ಇತ್ತು. ಗೆಲ್ಲಲು ಏನೂ ಉಳಿದಿರಲಿಲ್ಲ. ಇಬ್ಬರೂ ದಡದಲ್ಲಿ ಕೂತು ಹಿಡಿದ ಮೀನನ್ನೆಲ್ಲ ನೀರಿಗೆ ಬಿಟ್ಟರು.

ಅಮ್ಮ ಬಟ್ಟೆ ಮಡಿಸಿ ಇಡಲು ಬಂದವಳು ಅಕ್ಕನ ಹಿಂದೆ ನಿಂತಳು. ಅಲ್ಲಿಯವರೆಗೆ ಅವಳು ಆ ಪರದೆಯನ್ನು ಕಣ್ಣೆತ್ತಿ ನೋಡಿದವಳಲ್ಲ. ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು.

"ಇವನೇನಾ ನಮ್ಮವನು? ಈ ಟೋಪಿಯವನು?"

"ಹೂಂ ಅಮ್ಮ, ಇವನೇ."

ಅಮ್ಮ ಬಗ್ಗಿ ಹೆಬ್ಬೆರಳಿನಿಂದ ಗೊಂಬೆಯ ತಲೆ ಸವರಿದಳು. ದೊಡ್ಡ ತಲೆಯ ಕೆಳಗೆ ಕಡ್ಡಿಯಂಥ ಕೈಕಾಲಿನ ಗೊಂಬೆ. ಬಹಳ ಹೊತ್ತು ನೋಡಿದಳು.

"ಎಷ್ಟು ಸಣ್ಣಗಾಗಿದ್ದಾನೆ," ಎಂದಳು.

ಆ ಕಡೆಯಿಂದ, ಇದೇನೂ ತಿಳಿಯದ ಗೊಂಬೆ ಅಕ್ಕನ ಗೊಂಬೆಗೆ ಕೈ ಬೀಸಿತು. ಅಮ್ಮ ಮಡಿಸಿದ ಬಟ್ಟೆಯನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈ ಎತ್ತಿ ತಾನೂ ಬೀಸಿದಳು.