ರಿಜಿಸ್ಟರ್ ಹುಟ್ಟುಹಬ್ಬ

ಆಗಸ್ಟ್ ಹದಿನೈದರ ಬೆಳಿಗ್ಗೆ ಏಳೂವರೆಗೆ ಕಂಪ್ಲಿಯ ಆ ಹೈಸ್ಕೂಲಿನ ಗೇಟಿನೊಳಗೆ ಮುನ್ನೂರು ಮಕ್ಕಳು ಬೆಳ್ಳಗೆ ನಿಂತಿದ್ದರು. ಗೇಟಿನ ಹೊರಗೆ ಒಬ್ಬಳು ಹಳದಿಯಾಗಿ ನಿಂತಿದ್ದಳು.

ಅವಳನ್ನು ತಡೆದು ನಿಲ್ಲಿಸಿದವರು ಪೀಟಿ ಮಾಸ್ತರ್ ತಿಪ್ಪೇಶ್. ರಾಷ್ಟ್ರೀಯ ಹಬ್ಬ ಬಂತೆಂದರೆ ಕ್ಯಾನ್ವಾಸ್ ಬೂಟಿಗೂ ಸೀಮೆಸುಣ್ಣ ತಿಕ್ಕಿಕೊಂಡು ಬರುವ ಮನುಷ್ಯ. ಹಳದಿ ಚೂಡಿದಾರದವಳು ಒಂಬತ್ತನೇ ತರಗತಿಯ ಕಾವ್ಯ. ಬೇರೆ ಯಾರೇ ಆಗಿದ್ದರೂ ಮನೆಗೆ ಅಟ್ಟಿ ಮರೆತುಬಿಡಬಹುದಿತ್ತು. ಆದರೆ ಪರೇಡಿನ ಲೀಡರ್ ಈಕೆಯೇ. ಒಂದು ತಿಂಗಳಿಂದ ಇವಳು ‘ಸಾವಧಾನ್’ ಎಂದು ಕೂಗಿದಾಗಲೆಲ್ಲ ಕಾಂಪೌಂಡಿನಾಚೆಯ ಗದ್ದೆಯ ಬೆಳ್ಳಕ್ಕಿಗಳು ಕೂಡ ಕತ್ತು ನೆಟ್ಟಗೆ ಮಾಡುತ್ತಿದ್ದವು. ಎಂಟು ಗಂಟೆಗೆ ಅತಿಥಿಗಳು ಬರುವವರಿದ್ದರು. ಕಾವ್ಯ ಗೇಟಿನ ಹೊರಗೇ ಉಳಿದರೆ ಪರೇಡಿಗೆ ದನಿಯೇ ಇರುತ್ತಿರಲಿಲ್ಲ.

“ನೋಡ್ರಿ ಮೇಡಂ, ಹೆಂಗ ಬಂದಾಳ,” ಎಂದರು ತಿಪ್ಪೇಶ್, ಅಂಗಳ ದಾಟಿ ಬಂದ ಹೆಡ್‌ಮಿಸ್ ತ್ರಿವೇಣಿಯವರಿಗೆ. “ಝಂಡಾ ಹಾರ್ಸಾಕ ಬಾ ಅಂದ್ರ ಅರಿಶಿಣ ಹಚ್ಚೋ ಕಾರ್ಯಕ್ಕ ಬಂದಂಗ ಬಂದಾಳ.”

“ಇವತ್ತು ನನ್ ಬರ್ತ್‌ಡೇ ಐತ್ರಿ ಸರ್,” ಎಂದಳು ಕಾವ್ಯ. “ಬರ್ತ್‌ಡೇ ದಿನ ಕಲರ್ ಡ್ರೆಸ್ ಹಾಕ್ಕೊಂಡು ಬರಬೌದು ಅಂತ ಬೋರ್ಡಿನ್ಯಾಗ ಐತಿ.”

“ಅದರ ಕೆಳಗಿನ ಲೈನ್ ಓದಿಲ್ಲೇನವಾ? ‘ರಾಷ್ಟ್ರೀಯ ಹಬ್ಬಗಳಂದು ಕಡ್ಡಾಯವಾಗಿ ಬಿಳಿ ಸಮವಸ್ತ್ರ.’”

“ಓದೀನ್ರಿ. ಮ್ಯಾಲಿನ ಲೈನೂ ಓದೀನ್ರಿ.”

ಎರಡೂ ಸಾಲನ್ನು ಬೋರ್ಡಿಗೆ ಬರೆಸಿದವರು ತ್ರಿವೇಣಿ ಮೇಡಂ. ಹೋದ ಶಾಲೆಯಲ್ಲೆಲ್ಲ ಅವರು ಮೊದಲು ಬರೆಸುತ್ತಿದ್ದುದೇ ಈ ಎರಡು ಸಾಲು. ಸಂಡೂರಿನಲ್ಲಿದ್ದ ಎಂಟು ವರ್ಷವೂ ಬರೆಸಿದ್ದರು. ಅಲ್ಲಿ ಅದಿರಿನ ಧೂಳಿಗೆ ಬಿಳಿ ಅಂಗಿಗಳು ಮಧ್ಯಾಹ್ನದ ಊಟದ ಹೊತ್ತಿಗೆ ತಾವಾಗಿಯೇ ಕಲರ್ ಡ್ರೆಸ್ ಆಗುತ್ತಿದ್ದವು ಎಂಬುದು ಬೇರೆ ಮಾತು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಹುಡುಗಿಯೊಬ್ಬಳು ಸಿಕ್ಕಿಕೊಳ್ಳಬಹುದೆಂದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅದು ಅವರಷ್ಟು ಚೆನ್ನಾಗಿ ಗೊತ್ತಿದ್ದವರು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

“ಮದ್ಲು ಅಡ್ಮಿಷನ್ ರಿಜಿಸ್ಟರ್ ನೋಡೂಣ್ರಿ ಮೇಡಂ,” ಎಂದರು ತಿಪ್ಪೇಶ್. “ಇವರ ಮಾತು ಹೆಂಗ ನಂಬೋದು? ಹೋದ ವರ್ಷ ಒಬ್ಬ ಮೂರು ಸಲ ಹುಟ್ಟಿದ್ದ.”

ರಿಜಿಸ್ಟರ್ ತರಲು ತಿಪ್ಪೇಶ್ ಆಫೀಸಿನ ಕಡೆ ಹೋದರು. ಕಾವ್ಯ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ತ್ರಿವೇಣಿ ಮೇಡಂ ಗೇಟಿನ ಸರಳು ಹಿಡಿದು ಹಳದಿಯನ್ನು ನೋಡುತ್ತ ನಿಂತರು. ನೋಡುತ್ತ ನೋಡುತ್ತ ಅದು ಹಸಿರಾಯಿತು.

ಆ ಹಸಿರು ಎಮ್ಮಿಗನೂರಿನದು. ಮೂವತ್ತೆಂಟು ವರ್ಷ ಹಳೆಯದು.

ಆಗ ಎಮ್ಮಿಗನೂರಿನ ಶಾಲೆಯಲ್ಲಿ ಹುಟ್ಟುಹಬ್ಬ ಎಂಬ ಪದಾರ್ಥವೇ ಇರಲಿಲ್ಲ. ಅದನ್ನು ಹೊಸಪೇಟೆಯಿಂದ ಬಸ್ಸಿನಲ್ಲಿ ತಂದವರು ನೀರಜಾ ಟೀಚರ್. ಅವರು ಹೆಡ್‌ಮಿಸ್ ಆಗಿ ಬಂದ ವಾರದಲ್ಲೇ ಕರಿಹಲಗೆಯ ಮೂಲೆಯಲ್ಲಿ ಬರೆದರು: ದಿನಾ ನೀಲಿ ಲಂಗ, ಬಿಳಿ ಜಂಪರು, ಹುಟ್ಟುಹಬ್ಬಕ್ಕೆ ಮಾತ್ರ ಕಲರ್ ಡ್ರೆಸ್. ಮಕ್ಕಳು ಮನೆಗೆ ಓಡಿ ಹೋಗಿ ತಾವು ಯಾವತ್ತು ಹುಟ್ಟಿದ್ದೆಂದು ವಿಚಾರಿಸಿದರು. ಜೋಳ ಕೊಯ್ಯೋ ಮುಂದ, ಹೊಳಿ ಬಂದಾಗ, ನಿಮ್ಮ ಸೋದರಮಾವನ ಮದುವಿ ಮುರಿದ ವಾರ ಎಂಬ ಉತ್ತರಗಳು ಬಂದವು. ಕೊನೆಗೆ ಟೀಚರ್ ರಿಜಿಸ್ಟರನ್ನೇ ತೆಗೆದರು. ಹಿಂದಿದ್ದ ಹೆಡ್‌ಮಾಸ್ತರು ಸರಳ ಜೀವಿ. ಮಗುವಿನ ಬಲಗೈ ತಲೆಯ ಮೇಲಿಂದ ಹೋಗಿ ಎಡಗಿವಿ ಮುಟ್ಟಿತೆಂದರೆ ಆರು ವರ್ಷ ತುಂಬಿತೆಂದು ಬರೆದು, ತಾರೀಖಿನ ಜಾಗದಲ್ಲಿ ಜೂನ್ ಒಂದು ಎಂದು ಹಾಕಿ ಮುಂದಿನ ಕಿವಿಗೆ ಹೋಗುತ್ತಿದ್ದರು. ಹೀಗಾಗಿ ಐದನೇ ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಮೂವತ್ತಮೂರು ಮಕ್ಕಳು ಒಂದೇ ದಿನ ಹುಟ್ಟಿದ್ದರು.

ಉಳಿದ ಒಬ್ಬಳು ತ್ರಿವೇಣಿ. ಅವಳ ಅಪ್ಪ ಪಾಲಪ್ಪ ಊರಿನ ಪೋಸ್ಟ್‌ಮನ್. ತಾರೀಖಿಲ್ಲದ ಯಾವುದನ್ನೂ ಅವನು ನಂಬುತ್ತಿರಲಿಲ್ಲ. ಮಗಳು ಹುಟ್ಟಿದ್ದು ಆಗಸ್ಟ್ ಹದಿನೈದು ಎಂದು ಶಾಲೆಗೆ ಸೇರಿಸುವಾಗ ತಾನೇ ನಿಂತು ಬರೆಸಿದ್ದ. ಪ್ರತಿ ವರ್ಷ ಕಂಪ್ಲಿಯಲ್ಲಿ ಒಂದು ದಿನ ಮುಂಚೆ ಕಾರ್ಡು ಹಾಕಿ, ಅದಕ್ಕೆ ಠಸ್ಸೆ ಒತ್ತಿಸಿಕೊಂಡು, ರಜೆಯ ದಿನವೂ ಖಾಕಿ ತೊಟ್ಟು, ಬಾವುಟ ಹಾರಿದ ಮೇಲೆ ಶಾಲೆಯ ಅಂಗಳಕ್ಕೆ ಬಂದು ಕೂಗುತ್ತಿದ್ದ: “ಕುಮಾರಿ ತ್ರಿವೇಣಿ! ಟಪಾಲು!” ಕಾರ್ಡಿನಲ್ಲಿ ಇರುತ್ತಿದ್ದುದು ಒಂದೇ ಸಾಲು. ಐದನೇ ತರಗತಿಯ ವರ್ಷದ್ದು: ‘ನಿನಗೆ ಇಂದಿಗೆ ಹತ್ತು ತುಂಬಿತು. ಇಂತಿ, ಪಾಲಪ್ಪ, ಪೋಸ್ಟ್‌ಮನ್.’

ಕಲರ್ ಡ್ರೆಸ್ ಬರುವ ತನಕ ಅಷ್ಟು ಸಾಕಾಗಿತ್ತು. ಆ ವರ್ಷ ಅವಳಿಗೆ ಗಿಳಿಹಸಿರಿನ ಲಂಗ ಹೊಲಿಸಿದ್ದರು, ಅಂಚಿಗೆ ಜರಿ, ಜಂಪರಿಗೆ ಬುಗ್ಗೆ ತೋಳು. ಹುಟ್ಟುಹಬ್ಬಕ್ಕೆ ತೊಡೋಣವೆಂದರೆ ಅಂದು ಎಲ್ಲರಿಗೂ ಬಿಳಿ ಕಡ್ಡಾಯ. ಇಡೀ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ತ್ರಿವೇಣಿಯೊಬ್ಬಳಿಗೆ ಅಪ್ಪಣೆ ಇರಲಿಲ್ಲ. ಲಂಗ ಟ್ರಂಕಿನಲ್ಲಿ ಉಳಿಯಿತು, ಅವಳು ಬೆಳೆಯುತ್ತ ಹೋದಳು. ಬೇಸಿಗೆ ರಜೆಗೆ ಮುಂಚೆ ತೊಟ್ಟು ನೋಡಿದರೆ ಹಿಮ್ಮಡಿ ಕಾಣಿಸುತ್ತಿತ್ತು. ಆಗ ಅವಳು ಅಪ್ಪನಿಗೆ ಹೇಳದೆ ಅಜ್ಜಿ ಜಂಬವ್ವನನ್ನು ಎಬ್ಬಿಸಿಕೊಂಡು, ಹುಟ್ಟಿದ ತಾರೀಖು ಬದಲಿಸಿಕೊಳ್ಳಲು ಶಾಲೆಗೆ ಹೊರಟಳು.

“ರಿಜಿಸ್ಟರ್ ಅಂದ್ರೆ ಕರಿಹಲಗೆ ಅಲ್ಲಮ್ಮ, ಒರೆಸಿ ಬರೆಯೋಕೆ,” ಎಂದರು ನೀರಜಾ ಟೀಚರ್.

“ಹಡದಾಕಿ ನನ್ನ ಸೊಸಿ, ಹೊಕ್ಕಳ ಕೊಯ್ದಾಕಿ ನಾನು,” ಎಂದಳು ಜಂಬವ್ವ, ಕುರ್ಚಿ ಬೇಡವೆಂದು ನೆಲಕ್ಕೆ ಕೂತು. “ನನಗಿಂತ ನಿಮ್ ಕಾಗದಕ್ಕ ಹೆಚ್ಚಿಗಿ ಗೊತ್ತೈತೇನ್ರಿ? ಕಾರಹುಣ್ಣಿಮಿ ಇತ್ತು. ಎತ್ತಿನ ಕೋಡಿಗೆ ಬಣ್ಣ ಬಳಿಯಾಕ ಕುಂತಿದ್ದೆ, ಒಳಗಿಂದ ಕೂಸು ಅತ್ತಿದ್ದು ಕೇಳಿಸ್ತು. ಎತ್ತಿಗೆ ಬಣ್ಣ ಐತಿ, ನನ್ನ ಮೊಮ್ಮಗಳಿಗಿಲ್ಲಂದ್ರ ಯಾ ನ್ಯಾಯ್ರಿ?”

“ಕಾರಹುಣ್ಣಿಮೆ ಅಂದ್ರೆ ಜೂನ್ ಆಯ್ತು. ತಾರೀಖು?”

“ಉಳದಾರ್ದು ಯಾವ್ದೈತಿ? ಅದ ಬರ್ಕೊಳ್ರಿ. ನಮ್ಮಾಕಿ ಏನ್ ಮ್ಯಾಲಿಂದ ಇಳದಾಳೇನು?”

ಟೀಚರ್ ನಗು ತಡೆಯಲಾಗದೆ ಕೆಂಪು ಶಾಯಿಯ ಪೆನ್ನು ತೆಗೆದರು. ‘ಅಜ್ಜಿಯ ಹೇಳಿಕೆಯ ಮೇರೆಗೆ ತಿದ್ದಲಾಗಿದೆ’ ಎಂದು ಬರೆದು ಸಹಿ ಹಾಕಿದರು. ಅಜ್ಜಿಯ ಹೆಬ್ಬೆಟ್ಟೂ ಬಿತ್ತು.

ಜೂನ್ ಒಂದಕ್ಕೆ ತ್ರಿವೇಣಿ ಹಸಿರು ಲಂಗ ತೊಟ್ಟು ಶಾಲೆಗೆ ಹೋದಳು. ಅಲ್ಲಿ ಮೂವತ್ತಮೂರು ಕಲರ್ ಡ್ರೆಸ್ ನಿಂತಿದ್ದವು. ಅಕ್ಕನ ಲಂಗ, ಮಾವ ಕೊಟ್ಟ ಅಂಗಿ, ಒಬ್ಬನಂತೂ ಮೊಳಕಾಲಿನ ತನಕ ಬರುವ ಅಪ್ಪನ ಮದುವೆಯ ಜುಬ್ಬ. ಹಸಿರೇ ಒಂಬತ್ತಿದ್ದವು. ಅವಳ ಬುಗ್ಗೆ ತೋಳನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಬಣ್ಣ ತೊಟ್ಟ ಮೇಲೆ ಬಣ್ಣವೂ ಒಂದು ಯೂನಿಫಾರ್ಮೇ ಎಂದು ಹತ್ತು ವರ್ಷದ ಹುಡುಗಿಗೆ ಅಂದೇ ತಿಳಿಯಿತು. ಪೆಪ್ಪರಮೆಂಟು ಹಂಚಲು ಹೋದರೆ ತೆಗೆದುಕೊಳ್ಳುವವರಿಲ್ಲ. ಎಲ್ಲರ ಕೈಯಲ್ಲೂ ಹಂಚುವ ಪೆಪ್ಪರಮೆಂಟೇ.

ಆ ಸಲದ ಆಗಸ್ಟ್ ಹದಿನೈದರಂದು ಬಾವುಟ ಹಾರಿತು, ಬೂಂದಿ ಹಂಚಿದರು, ಅಂಗಳ ಖಾಲಿಯಾಯಿತು. ತ್ರಿವೇಣಿ ಗೇಟಿನ ಹತ್ತಿರ ಹನ್ನೊಂದು ಗಂಟೆಯ ತನಕ ಕಾದಳು. ಖಾಕಿ ಬರಲಿಲ್ಲ. ಮನೆಗೆ ಬಂದರೆ ಪಾಲಪ್ಪ ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ.

“ಕಾರ್ಡು ಬರ್ಲಿಲ್ಲಪಾ,” ಎಂದಳು.

ಪಾಲಪ್ಪ ತಲೆ ಎತ್ತಲಿಲ್ಲ. ಸಿಟ್ಟೂ ಇರಲಿಲ್ಲ. ಆಫೀಸಿನ ದನಿಯಲ್ಲಿ ಹೇಳಿದ: “ಅಡ್ರೆಸ್ ಸರಿ ಇತ್ತವ್ವಾ. ತಾರೀಖು ತಪ್ಪಿತ್ತು. ವಾಪಸ್ ಹೋತು.”

ಮುಂದಿನ ವರ್ಷದಿಂದ ಕಾರ್ಡು ಜೂನ್ ಒಂದಕ್ಕೆ ಬರತೊಡಗಿತು. ಪಾಲಪ್ಪ ಇರುವ ತನಕ ಒಂದು ವರ್ಷವೂ ತಪ್ಪಲಿಲ್ಲ. ತ್ರಿವೇಣಿ ಅದನ್ನು ಬೇರೆ ಯಾರದೋ ಟಪಾಲು ಒಡೆದು ಓದಿದ ಹಾಗೆ ಓದಿ ಎತ್ತಿಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಸರ್ವೀಸ್ ಬುಕ್ಕು, ಆಧಾರ್ ಎಲ್ಲವೂ ಜಂಬವ್ವನ ಮಾತನ್ನೇ ನಂಬಿದವು. ಆ ಲಂಗದ ದೆಸೆಯಿಂದ ಅವರು ಮೂರು ತಿಂಗಳು ಮುಂಚೆ ನಿವೃತ್ತರಾಗಬೇಕು. ಅದೇನೂ ದೊಡ್ಡದಲ್ಲ. ಆಗಸ್ಟ್ ಹದಿನೈದರಂದು ಬಿಳಿ ಸೀರೆ ಉಟ್ಟು ಬಾವುಟದ ಕೆಳಗೆ ನಿಂತಾಗ, ಗೇಟಿನ ಕಡೆ ಒಮ್ಮೆ ನೋಡುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ತಿಪ್ಪೇಶ್ ರಿಜಿಸ್ಟರ್ ಬಗಲಿನಲ್ಲಿಟ್ಟುಕೊಂಡು ಬಂದರು. ಮುಖ ಸ್ವಲ್ಪ ಸಪ್ಪಗಿತ್ತು.

“ಖರೇ ಐತ್ರಿ ಮೇಡಂ. ಹದಿನೈದು ಎಂಟು ಎರಡ್ ಸಾವಿರದ ಹನ್ನೊಂದು. ಆದ್ರೂ ಏನ್ ಮಾಡಾಕ ಬರತೈತ್ರಿ? ಎಸ್‌ಡಿಎಂಸಿ ಅಧ್ಯಕ್ಷರು ನೋಡಿದ್ರ ಸೀದಾ ಬಿಇಓಗೆ ಫೋನ್ ಹಚ್ತಾರ.” ಆಮೇಲೆ ಕಾವ್ಯಳ ಕಡೆ ತಿರುಗಿ, ದನಿ ಮೆತ್ತಗೆ ಮಾಡಿದರು. ಕೆಟ್ಟ ಮನುಷ್ಯರೇನಲ್ಲ. “ಹಿಂಗ ಮಾಡವಾ. ಜಲ್ದಿ ಹೋಗಿ ಬಿಳೀದು ಹಾಕ್ಕೊಂಡು ಬಾ. ನಾಳಿದ್ದು ಸೋಮವಾರ ಇರ್ತೈತಲ್ಲ, ಅವತ್ತು ಇದನ್ನ ಹಾಕ್ಕೋ. ಸೋಮವಾರ ಹುಟ್ಟೀನಿ ಅಂತ ತಿಳ್ಕೋ. ಏನ್ ಫರಕಾಗ್ತೈತಿ?”

ಕಾವ್ಯಳ ಕಣ್ಣು ತುಂಬಿದವು. ಹೂಂ ಎಂದು ತಲೆಯಾಡಿಸಲು ಹೊರಟಳು. ಒಪ್ಪಿಕೊಳ್ಳುವ ಹಾಗೇ ಇತ್ತು.

“ಬ್ಯಾಡ,” ಎಂದರು ತ್ರಿವೇಣಿ ಮೇಡಂ. ತಾವು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ಹುಟ್ಟಿದ ದಿನ ಬದ್ಲಿ ಮಾಡಬ್ಯಾಡ್ರಿ ತಿಪ್ಪೇಶ್. ಬಟ್ಟಿ ಬೇಕಾದ್ರ ಹೆಂಗರ ಇರ್ಲಿ. ಗೇಟ್ ತೆಗೀರಿ.”

“ಮೇಡಂ, ಬೋರ್ಡು…”

“ಬೋರ್ಡ್ ಬರಸ್ದಾಕಿ ನಾನ. ಸೋಮವಾರ ಇನ್ನೊಂದು ಲೈನ್ ಬರಸ್ತೀನಿ. ತೆಗೀರಿ.”

ಎಂಟು ಗಂಟೆಗೆ ಬಾವುಟ ಹಾರಿತು. ಶಾಲಾಭಿವೃದ್ಧಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷ ಕೊಟ್ರಬಸಪ್ಪನವರು, ಊರಿನ ಅಕ್ಕಿ ಗಿರಣಿಯ ಮಾಲೀಕರು, ವೇದಿಕೆಯ ಮೇಲೆ ತ್ರಿವೇಣಿ ಮೇಡಂ ಪಕ್ಕದಲ್ಲಿ ಸೆಲ್ಯೂಟ್ ಹೊಡೆದು ನಿಂತರು. ಪರೇಡು ಸಾಗಿ ಬಂತು. ಬೆಳ್ಳಗಿನ ಮುನ್ನೂರರ ಮುಂದೆ ಒಂದೇ ಒಂದು ಹಳದಿ. ಯಾರಿಗೂ ಅವಳು ಕಾಣದೆ ಹೋಗುವುದು ಸಾಧ್ಯವೇ ಇರಲಿಲ್ಲ.

ಕೊಟ್ರಬಸಪ್ಪನವರು ಸೆಲ್ಯೂಟ್ ಇಳಿಸದೆ, ತುಟಿಯ ಸಂದಿಯಿಂದ ಕೇಳಿದರು: “ಏನ್ರೀ ಮೇಡಂ, ಆ ಹುಡುಗಿಗೆ ಯೂನಿಫಾರ್ಮ್ ಇಲ್ಲೇನು? ಒಂದ್ ಜೊತಿ ನಾ ಕೊಡಸ್ತೀನಿ ತಗೋರಿ.”

“ಐತ್ರಿ ಸರ್. ಇವತ್ತು ಆಕಿ ಹುಟ್ಟಿದ ದಿನ.” ಮೇಡಂ ಹಳದಿಯ ಕಡೆಗೇ ನೋಡುತ್ತಿದ್ದರು. “ನಂದೂ.”

ಕೊಟ್ರಬಸಪ್ಪನವರ ಕೈ ಹಣೆಯಿಂದ ಅರ್ಧ ಇಳಿಯಿತು. “ನಿಮ್ದು ಜೂನ್ ಒಂದಲ್ರೀ? ಗ್ರೂಪಿನ್ಯಾಗ ಎಲ್ಲಾರಕಿಂತ ಮದ್ಲು ವಿಶ್ ಮಾಡ್ದಾವ ನಾನು. ಕೇಕಿನ ಫೋಟೋ ಹಾಕಿದ್ದೆ.”

“ಅದು ರಿಜಿಸ್ಟರ್ ಹುಟ್ಟುಹಬ್ಬ ಸರ್.”

“ಹಂಗಾರ ನನ್ ಕೇಕು ತಪ್ಪ್ ಅಡ್ರೆಸ್ಸಿಗೆ ಹೋತೇನ್ರಿ?”

“ಇಲ್ರಿ,” ಎಂದರು ತ್ರಿವೇಣಿ ಮೇಡಂ. “ಅಡ್ರೆಸ್ ಸರಿ ಇತ್ತು. ತಾರೀಖು ತಪ್ಪಿತ್ತು.”

ವೇದಿಕೆಯ ಎದುರಿಗೆ ಬಂದು ಕಾವ್ಯ ‘ದಹಿನೇ ದೇಖ್’ ಎಂದು ಕೂಗಿದಳು. ಮುನ್ನೂರು ತಲೆಗಳು ಒಮ್ಮೆಗೇ ಬಲಕ್ಕೆ ತಿರುಗಿದವು. ಆ ಸಲ ತ್ರಿವೇಣಿ ಮೇಡಂ ಗೇಟಿನ ಕಡೆ ನೋಡಲಿಲ್ಲ.