ಕಾಜಾ ಹಾಕುವ ಕೆಲಸ

"ಮಾತ್ರೆ ದಿನಾ ತಗೋತಿದ್ದೀರಾಮ್ಮ?" ಕೋಲಾರದ ಡಾಕ್ಟರು ರಕ್ತಪರೀಕ್ಷೆಯ ಚೀಟಿಯಿಂದ ತಲೆ ಎತ್ತದೆ ಕೇಳಿದರು.

"ಹ್ಞೂ ಸಾರ್, ತಗೋತೀನಿ," ಎಂದಳು ಶರೀಫುನ್ನೀಸಾ. ಹಾಗೆನ್ನುವಾಗ ಅವಳು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು. ಪಕ್ಕದಲ್ಲಿ ಕೂತಿದ್ದ ಗಂಡ ಸುಭಾನನಿಗೆ ಅಷ್ಟೇ ಸಾಕಾಯಿತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದವನಿಗೆ ಹೆಂಡತಿಯ ಸುಳ್ಳು ತಿಳಿಯಲು ಲ್ಯಾಬಿನ ಚೀಟಿ ಬೇಕಿರಲಿಲ್ಲ.

"ರಕ್ತ ಗಟ್ಟಿಯಾಗ್ತಿದೆ. ಎದೇಲಿ ಕೂರಿಸಿರೋ ವಾಲ್ವಲ್ಲಿ ಹೆಪ್ಪು ಕಟ್ಕೊಂಡ್ರೆ ಆಮೇಲೆ ಯಾರ ಕೈಲೂ ಆಗಲ್ಲ. ಮುಂದಿನ ವಾರ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ."

"ಕಾರ್ಡಲ್ಲಿ ಆಗುತ್ತಾ ಸಾರ್?" ಸುಭಾನ್ ಕೇಳಿದ.

"ಕಾರ್ಡು ಆಪರೇಷನ್‌ಗೆ. ಇದನ್ನ ಹೊರಗೇ ಮಾಡಿಸ್ಬೇಕು."

ಆ ಉತ್ತರ ಅವನಿಗೆ ಹೊಸದಲ್ಲ. ಕೆಟ್ಟ ವಾಲ್ವನ್ನು ಬೆಂಗಳೂರಿನಲ್ಲಿ ಬದಲಾಯಿಸಿದ್ದು ಸರ್ಕಾರದ ಕಾರ್ಡಿನ ಮೇಲೆಯೇ. ಆದರೆ ಅದಕ್ಕೂ ಮುಂಚೆ, ಉಬ್ಬಸವೆಂದು ನಂಬಿ ವರ್ಷಗಟ್ಟಲೆ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಅಲೆದದ್ದಕ್ಕೆ ಅವಳ ಬಳೆ, ಸರ ಕರಗಿದ್ದವು. ಆಪರೇಷನ್ ಆದ ಮೇಲೆ ಶ್ವಾಸಕೋಶಕ್ಕೆ ಸೋಂಕು ತಗುಲಿ ಹನ್ನೊಂದು ದಿನ ಐಸಿಯುನಲ್ಲಿದ್ದಳು. ಅದು ಕಾರ್ಡಿಗೆ ಬರುವುದಿಲ್ಲ ಎಂದರು. ಹನ್ನೆರಡನೆಯ ದಿನ ಸುಭಾನ್ ಮುಳಬಾಗಿಲಿಗೆ ಬಂದು, ಬಜಾರು ರಸ್ತೆಯಲ್ಲಿದ್ದ ತನ್ನ ಟೈಲರಿಂಗ್ ಅಂಗಡಿಯನ್ನು ಮಾರಿದ. ಕೊಂಡವನು ಅವನ ಬಳಿಯೇ ಹದಿನೈದು ವರ್ಷ ಕೆಲಸ ಮಾಡಿದ ವೆಂಕಟ್. "ಮಾಸ್ಟ್ರೇ, ನಿಮ್ಮ ಜಾಗ ಇಲ್ಲೇ ಇರುತ್ತೆ, ಬಂದು ಕೂತ್ಕೊಳಿ," ಎಂದು ಅಂದೇ ಹೇಳಿದ್ದ. ಸುಭಾನ್ ನಕ್ಕು, ಹಳೆಯ ಮೆಷೀನೊಂದನ್ನು ಮಾತ್ರ ಆಟೋಗೆ ಹಾಕಿಕೊಂಡು ಹೊರಟಿದ್ದ. ಅಂದಿನಿಂದ ಮನೆಯಲ್ಲೇ ಹರಿದ ಪ್ಯಾಂಟು, ಬಿಚ್ಚಿದ ಅಂಚು ಹೊಲಿಯುತ್ತಿದ್ದಾನೆ. ಆ ರಸ್ತೆಯ ಕಡೆ ಮಾತ್ರ ಸುಳಿದವನಲ್ಲ.

ಬಸ್ಸು ಕೋಲಾರ ದಾಟಿದ ಮೇಲೆ ಕೇಳಿದ, "ಎಷ್ಟು ದಿನದಿಂದ?"

ಶರೀಫುನ್ನೀಸಾ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. "ರಂಜಾನ್ ಆದ್ಮೇಲಿಂದ. ಪೂರ್ತಿ ಬಿಟ್ಟಿಲ್ಲ. ದಿನ ಬಿಟ್ಟು ದಿನ ತಗೋತೀನಿ."

"ತಲೆ ಕೆಟ್ಟಿದ್ಯಾ ನಿಂಗೆ!"

ಮುಂದಿನ ಸೀಟಿನವರು ತಿರುಗಿ ನೋಡಿದರು. ಅವನು ದನಿ ತಗ್ಗಿಸಿದ. "ಡಾಕ್ಟ್ರು ಹೇಳಿದ್ದು ಕೇಳಿಸ್ತೋ ಇಲ್ವೋ?"

"ಕೇಳಿಸ್ತು. ಅಜೀ, ಮಹೆಕ್ ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಹೋಗ್ತೀನಿ ಅಂತಿದ್ಲು. ಅಬ್ಬಾಗೆ ಹೇಳ್ಬೇಡ ಅಂದಿದ್ಲು. ಮಾತ್ರೆ ದುಡ್ಡಲ್ಲಿ ಉಳಿಸಿ ಪರೀಕ್ಷೆ ಫೀಸು ಕಟ್ಟಿಸ್ದೆ."

"ನಂಗೊಂದು ಮಾತು ಹೇಳಿದ್ರೆ..."

"ಹೇಳಿದ್ರೆ ಏನ್ ಮಾರ್ತಿದ್ರಿ?" ಅವಳ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದಳು. "ನನ್ನ ಎದೆ ಒಂದಕ್ಕೇ ಇದ್ದದ್ದೆಲ್ಲಾ ಹಾಕಿದ್ರಿ. ಇನ್ನು ಮಗಳನ್ನೂ ಹಾಕ್ಬೇಕಾ?"

ಮುಳಬಾಗಿಲಿನಲ್ಲಿ ಇಳಿದು ಸುಭಾನ್ ಮನೆಗೆ ಬಂದವನೇ ಮಾತ್ರೆಯನ್ನು ಅವಳ ಅಂಗೈಯಲ್ಲಿಟ್ಟು, ನುಂಗುವವರೆಗೂ ಎದುರಿಗೇ ನಿಂತಿದ್ದ.

ಮಾರನೆಯ ಬೆಳಿಗ್ಗೆ ಬಜಾರು ರಸ್ತೆಗೆ ನಡೆದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಅಂಗಡಿಯ ಮೆಟ್ಟಿಲು ಹತ್ತುವಾಗ ಮರೆತೇಹೋದವು. ವೆಂಕಟ್ ಎದ್ದು ನಿಂತು ತನ್ನ ಸ್ಟೂಲನ್ನೇ ಮುಂದಕ್ಕೆ ತಳ್ಳಿದ. "ಬನ್ನಿ ಮಾಸ್ಟ್ರೇ, ಕೂತ್ಕೊಳಿ."

ಸುಭಾನ್ ಕೂರಲಿಲ್ಲ. "ಕೆಲಸ ಇದ್ರೆ ಕೊಡಪ್ಪ."

ವೆಂಕಟ್ ಒಳಗೆ ಹೊಲಿಯುತ್ತಿದ್ದ ಇಬ್ಬರನ್ನು ನೋಡಿದ, ಮತ್ತೆ ಇವನನ್ನು ನೋಡಿದ. "ಅವತ್ತೇ ಬಂದಿದ್ರೆ... ಈಗ ಎಲ್ಲಾ ರೆಡಿಮೇಡ್ ಮಾಸ್ಟ್ರೇ. ಕಟಿಂಗ್ ನಾನೇ ಮಾಡ್ಕೋತೀನಿ. ಸ್ಕೂಲ್ ಯೂನಿಫಾರ್ಮ್ ಆರ್ಡರ್ ಒಂದು ಬಂದಿದೆ. ಅದ್ರಲ್ಲಿ ಕಾಜಾ, ಗುಂಡಿ ಕೆಲಸ ಇದೆ. ನಿಮಗೆ ಅದನ್ನ ಹೆಂಗೆ ಹೇಳ್ಲಿ..."

ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಹಾಕುವುದು, ಗುಂಡಿ ಹೊಲಿಯುವುದು, ಕಸುಬಿಗೆ ಹೊಸದಾಗಿ ಬಂದವರ ಕೆಲಸ. ವೆಂಕಟನನ್ನು ಮೊದಲ ಎರಡು ವರ್ಷ ಅದಕ್ಕೇ ಕೂರಿಸಿದವನು ಸುಭಾನ್.

"ಕೊಡು," ಎಂದ. "ಒಂದ್ ವಾರದ ದುಡ್ಡು ಮುಂಚೆ ಕೊಟ್ರೆ... ಸ್ಕ್ಯಾನ್ ಮಾಡಿಸ್ಬೇಕು."

ವೆಂಕಟ್ ಗಲ್ಲಾಪೆಟ್ಟಿಗೆ ಎಳೆದು ದುಡ್ಡು ಕೊಟ್ಟ. ಅವನ ಕಣ್ಣು ನೆಲದ ಮೇಲಿತ್ತು.

ಬಿಳಿ ಅಂಗಿಗಳ ರಾಶಿಯನ್ನು ತೊಡೆಯ ಮೇಲೆಳೆದುಕೊಂಡು ಸುಭಾನ್ ಬಾಗಿಲ ಬಳಿ ಕೂತ. ಅರ್ಧ ಗಂಟೆಯಾಗಿರಬಹುದು. ನಿವೃತ್ತ ಮೇಷ್ಟರು ಶ್ರೀಧರ್ ಬಟ್ಟೆಯ ಕವರು ಹಿಡಿದು ಮೆಟ್ಟಿಲು ಹತ್ತಿದರು. ಇವನನ್ನು ಕಂಡದ್ದೇ ಅವರ ಮುಖ ಅರಳಿತು.

"ಅರೆ, ಸಾಬ್ರೇ! ಅಂಗಡಿ ಮತ್ತೆ ನೀವೇ ತಗೊಂಡ್ರಾ? ಒಳ್ಳೇದಾಯ್ತು ಬಿಡಿ. ಮಗಳ ಮದುವೆ, ಒಂದು ಅಂಗಿ ಹೊಲೀಬೇಕು. ಅಳತೆ ತಗೊಳ್ಳಿ." ಎರಡೂ ಕೈ ಅಗಲಿಸಿ ಅವನೆದುರು ನಿಂತರು.

ಮೆಷೀನುಗಳ ಸದ್ದು ನಿಂತಿತು.

"ಅಳತೆ ಓನರ್ ತಗೋತಾರೆ ಸಾರ್," ಎಂದ ಸುಭಾನ್.

ಚಾಚಿದ ಕೈಗಳನ್ನು ಇಳಿಸಲೂ ತೋಚದೆ ಮೇಷ್ಟರು ನಿಧಾನವಾಗಿ ವೆಂಕಟನ ಕಡೆ ತಿರುಗಿದರು. ಸುಭಾನ್ ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆಮಾಡಿ, ಬೀದಿಯ ಬೆಳಕಿಗೆ ಸೂಜಿ ಹಿಡಿದ. ಮೊದಲ ಸಲ ಪೋಣಿಸಲಾಗಲಿಲ್ಲ.