ಎರಡು ಬ್ರೇಕಿನ ಕಾರು

ಲಿಂಗರಾಜು ಮೋಟರ್‌ಹೋಮ್ ಕೊಂಡ ದಿನದಿಂದ ಕುವೆಂಪುನಗರದ ಆ ಅಡ್ಡರಸ್ತೆಯಲ್ಲಿ ಬೇರೆಯವರು ಸ್ಕೂಟರ್ ತಿರುಗಿಸುವ ಹಾಗಿರಲಿಲ್ಲ. ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಬಸ್ಸು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಹಾಲು ತರುವುದಕ್ಕೂ ಅದನ್ನೇ ಹೊರಡಿಸಿದ. ಹೆಂಡತಿ ಗಿರಿಜಾಂಬಾ ಒಂದು ಮಾತೂ ಆಡಲಿಲ್ಲ. ಗಂಡನ ಹುಚ್ಚುಗಳ ಆಯುಷ್ಯ ಎಷ್ಟೆಂಬುದು ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಈ ಹುಚ್ಚು ಮಾತ್ರ ಅವಳ ಕಾರಿಗೇ ಗಂಟುಬಿತ್ತು. ಕೊಡೈಕೆನಾಲಿಗೆ ಹೋದಮೇಲೆ ಸಂದಿಗೊಂದಿ ತಿರುಗಲು ಸಣ್ಣ ಕಾರು ಬೇಕು, ಅದನ್ನು ನಾಲ್ಕೂ ಚಕ್ರ ನೆಲದ ಮೇಲಿರುವಂತೆಯೇ ಬಸ್ಸಿನ ಹಿಂದೆ ಎಳೆದುಕೊಂಡು ಹೋಗಬಹುದು ಎಂದು ಲಿಂಗರಾಜು ಮೊಬೈಲಿನಲ್ಲಿ ನೋಡಿದ್ದ. ಅವನದೇ ಹೊಸ ಕಾರು ಇತ್ತಲ್ಲ? ಅದು ಆಟೋಮ್ಯಾಟಿಕ್, ಹಾಗೆ ಎಳೆದರೆ ಗೇರ್‌ಬಾಕ್ಸ್ ಹಾಳಾಗುತ್ತದಂತೆ. ತನ್ನದು ಹಾಳಾಗುತ್ತದೆ ಎಂದು ಗೊತ್ತಾದ ಕೂಡಲೇ ಅವನ ಕಣ್ಣು ಹೆಂಡತಿಯ ಕಾರಿನ ಮೇಲೆ ಬಿತ್ತು.

ಆ ಕಾರೆಂದರೆ ಗಿರಿಜಾಂಬಾಳ ಡ್ರೈವಿಂಗ್ ಸ್ಕೂಲು. ಹೆಂಗಸರಿಗೆ ಮಾತ್ರ. ಎಡಗಡೆ, ಕಲಿಸುವವಳ ಕಾಲಿಗೆ ಸಿಗುವಂತೆ ಇನ್ನೊಂದು ಬ್ರೇಕ್ ಇತ್ತು. ಹದಿನೆಂಟು ವರ್ಷದ ಕೆಳಗೆ ಚಾಮುಂಡಿ ಬೆಟ್ಟದ ಏರಿನಲ್ಲಿ ಗಂಡನ ಕಾರು ಅವಳ ಕೈಯಲ್ಲಿ ಎರಡು ಸಲ ನಿಂತುಹೋಗಿತ್ತು. ಅವನು ದೇವಸ್ಥಾನಕ್ಕೆ ಬಂದ ಜನರೆದುರು "ಎಮ್ಮೆ ಮೇಯ್ಸೋಕ್ ಹೋಗು, ಹೋಗೇ" ಎಂದು ಕೂಗಿ ಅವಳನ್ನು ಕೆಳಗಿಳಿಸಿ ಹೊರಟುಹೋದ. ಅವಳು ಬೆಟ್ಟದಿಂದ ಮನೆಯವರೆಗೆ ನಡೆದೇ ಬಂದಳು. ಆಮೇಲೆ ಕಲಿತಳು, ದೊಡ್ಡ ಗಾಡಿಯ ಲೈಸೆನ್ಸನ್ನೂ ಪಡೆದಳು, ಮುನ್ನೂರು ಹೆಂಗಸರಿಗೆ ಕಲಿಸಿದಳು. ಆ ಕಾರಿನೊಳಗೆ ಕೂತು ಯಾರೂ ಯಾರಿಗೂ ಬೈಯುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಮನೆಯ ಮುಂದೆ ಇರಲಿಲ್ಲ. ಕೆಸರೆಯ ಮೆಕ್ಯಾನಿಕ್ ಜೆರೋಮನ ಕಡೆಯವರು ಬಂದು ಸರ್ವೀಸಿಗೆ ತೆಗೆದುಕೊಂಡು ಹೋದರು ಎಂದು ಲಿಂಗರಾಜು ಫೋನಿನಲ್ಲಿ ಹೇಳಿದ. ಸರ್ವೀಸ್ ಹೋದ ವಾರ ತಾನೇ ಆಗಿತ್ತು. ಗಿರಿಜಾಂಬಾ ಸ್ಕೂಟರ್ ಹತ್ತಿದಳು.

ಜೆರೋಮನ ವರ್ಕ್‌ಶಾಪಿನಲ್ಲಿ ಅವಳ ಕಾರು ಬಂಪರ್ ಕಳಚಿಕೊಂಡು, ಹಲ್ಲು ಕಿತ್ತ ಬಾಯಂತೆ ನಿಂತಿತ್ತು. ಮೂತಿಗೆ ಒಂದು ಕಬ್ಬಿಣದ ಪ್ಲೇಟು ಬೋಲ್ಟ್ ಆಗಿತ್ತು. ಮುಂದೆ ಬಸ್ಸು, ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟ ಲಿಂಗರಾಜು.

"ಇದೇನ್ರೀ ಇದು?"

"ಸರ್‌ಪ್ರೈಸ್ ಕಣೇ!"

"ಮೇಡಂಗೆ ಗೊತ್ತಿದೆ ಅಂದ್ರಲ್ಲ ಸಾರ್ ನೀವು," ಎಂದ ಜೆರೋಮ್, ಮುಖ ಸಣ್ಣದು ಮಾಡಿಕೊಂಡು.

ಗಾಡಿಗೆ ಗಾಡಿ ಜೋಡಿಸುವ ಎರಡು ಟೋ ಬಾರ್‌ಗಳು ಬೆಂಚಿನ ಮೇಲಿದ್ದವು. ಒಂದು ಕಪ್ಪಗೆ, ಮಂಕಾಗಿ, ಎಳೆಯಬಲ್ಲ ತೂಕ ಮೈಮೇಲೆ ಕೊರೆದಿದ್ದದ್ದು. ಇನ್ನೊಂದು ಹೊಸ ಸ್ಟೀಲ್ ಪಾತ್ರೆಯಂತೆ ಥಳಥಳ ಹೊಳೆಯುವುದು. ಲಿಂಗರಾಜು ಯಾವುದನ್ನು ಆರಿಸಿದ ಎಂದು ಹೇಳಬೇಕಾಗಿಲ್ಲ.

"ಸಾರ್, ಅದು ಆರ್ನೂರು ಕೆಜಿಗಷ್ಟೆ. ಕಾರು ಅದಕ್ಕಿಂತ ಭಾರ ಐತೆ."

"ನೋಡೋಕೆ ಗಟ್ಟಿಯಾಗೇ ಇದೆಯಲ್ಲಯ್ಯ."

"ಬಾರ್ ಕಳಚಿದ್ರೆ ಹಿಡ್ಕೊಳೋಕೆ ಎರಡು ಚೈನು ಬೇಕು."

"ಚೈನ್ ಯಾಕೆ, ಅದೇನು ನಾಯೀನಾ?" ಎಂದು ಲಿಂಗರಾಜು ತನ್ನ ಜೋಕಿಗೆ ತಾನೇ ನಕ್ಕ.

ಜೆರೋಮ್ ತಾಳ್ಮೆಯಿಂದ ಒಂದು ಪೆಟ್ಟಿಗೆ ತೋರಿಸಿದ. ಅದನ್ನು ಕಾರಿನ ಪೆಡಲಿನ ಮುಂದೆ ಕೂರಿಸಬೇಕು. ಬಸ್ಸು ಬ್ರೇಕ್ ಹಾಕಿದಾಗ ಅದು ಕಾರಿನ ಬ್ರೇಕನ್ನೂ ಒತ್ತುತ್ತದೆ. "ಇದಿಲ್ದಿದ್ರೆ ಇಳಿಜಾರಲ್ಲಿ ಕಾರೇ ಬಸ್ಸನ್ನ ನೂಕ್ಬುಡುತ್ತೆ ಸಾರ್."

"ಯಾರಿಗಯ್ಯ ಟೋಪಿ ಹಾಕ್ತೀಯ? ಈ ಕಾರಿಗೆ ಆಗ್ಲೇ ಎರಡು ಬ್ರೇಕಿದೆ. ಮೂರನೇದು ಯಾಕೆ?"

ಇಂಥ ತಲೆಯನ್ನು ಹೊತ್ತುಕೊಂಡು ಈ ಮನುಷ್ಯ ಐವತ್ತೆಂಟು ವರ್ಷ ಹೇಗೆ ಬದುಕಿದ ಎಂದು ಗಿರಿಜಾಂಬಾಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಖಾಲಿ ಕಾರಲ್ಲಿ ಒತ್ತೋರು ಯಾರು?" ಎಂದಳು.

"ನೀನೇ ಕೂತ್ಕೊಂಡು ಒತ್ತು. ಪಕ್ಕದ ಸೀಟಲ್ಲಿ ಕೂತು ಕಾಲಾಡಿಸೋದೇ ತಾನೇ ನಿನ್ ಕೆಲ್ಸ?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಕಲಿಸುವ ಕಾರಿನ ಅಭ್ಯಾಸ, ದನಿ ಏರಲಿಲ್ಲ. "ಮೊದ್ಲು ನೀವು ಒತ್ತಿ ತೋರ್ಸಿ. ಬಸ್ ನಾನು ಓಡಿಸ್ತೀನಿ. ಜೆರೋಮ್, ಆ ಕಪ್ಪು ಬಾರನ್ನೇ ಹಾಕಪ್ಪ, ಚೈನೂ ಹಾಕು."

ಜೆರೋಮ್ ಕಾರನ್ನು ನ್ಯೂಟ್ರಲ್‌ಗೆ ತಂದ, ಕೀಲಿ ತಿರುಗಿಸಿ ಸ್ಟೇರಿಂಗ್ ಸಡಿಲ ಬಿಟ್ಟ. ಲಿಂಗರಾಜು ಎಡಗಡೆಯ ಸೀಟಿನಲ್ಲಿ ಮದುಮಗನಂತೆ ಕೂತ. ಹೆಂಡತಿಯ ಕಾರಿನಲ್ಲಿ ಅವನು ಕೂತದ್ದು ಅದೇ ಮೊದಲು. ಕೂತವನೇ ವಿಡಿಯೋ ಮಾಡಲು ಮೊಬೈಲ್ ಎತ್ತಿದ.

ವರ್ಕ್‌ಶಾಪಿನ ಹಿಂದಿನ ಖಾಲಿ ಮೈದಾನದಲ್ಲಿ ಗಿರಿಜಾಂಬಾ ಬಸ್ಸನ್ನು ಸೈಕಲ್ಲಿನ ವೇಗದಲ್ಲಿ ಓಡಿಸಿ ಬ್ರೇಕ್ ಹಾಕಿದಳು. ಹಿಂದಿನಿಂದ ಧಡ್ ಎಂದು ಕಾರು ಬಸ್ಸನ್ನು ನೂಕಿತು. ಮೊಬೈಲ್ ಹಾರಿ ಲಿಂಗರಾಜುವಿನ ಮೂಗಿಗೆ ಬಡಿಯಿತು. ಅವನ ಕಾಲು ಪೆಡಲು ಬಿಟ್ಟು ಮ್ಯಾಟನ್ನು ತುಳಿದಿತ್ತು. ಅವಳು ಇನ್ನೊಂದು ಸುತ್ತು ಹೊಡೆದಳು. "ನಿಲ್ಸೇ! ಅಯ್ಯೋ ನಿಲ್ಸೇ!" ಎಂದು ಅವನು ಕೂಗಿದ್ದು ಜೆರೋಮನಿಗೆ ಕೇಳಿಸಿತು, ಬಸ್ಸಿನಲ್ಲಿದ್ದವಳಿಗೆ ಹೇಗೆ ಕೇಳಿಸಬೇಕು? ಮೂರನೆಯ ಸುತ್ತಾದ ಮೇಲೆ ನಿಲ್ಲಿಸಿದಳು.

ಲಿಂಗರಾಜು ಬಾಗಿಲು ಹಿಡಿದುಕೊಂಡು ಇಳಿದ. "ಪೆಡಲೇ ಸರಿಯಿಲ್ಲ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮುನ್ನೂರು ಹೆಂಗಸರನ್ನು ಗೋಡೆಗೆ ಗುದ್ದದಂತೆ ಕಾಪಾಡಿದ ಪೆಡಲು ಅದು.

ಬಸ್ಸಿನಿಂದ ಇಳಿದವಳು ಬಂಪರಿಲ್ಲದ ಕಾರಿನ ಮೂತಿಯನ್ನು ಬಗ್ಗಿ ನೋಡಿದಳು. ಅವನು ಜೆರೋಮನ ಕಡೆ ತಿರುಗಿದ. "ಆಯ್ತು, ಆ ಪೆಟ್ಟಿಗೇನೂ ಹಾಕ್ಬುಡಯ್ಯ. ನೀನು ಹೇಳಿದ್ದೆಲ್ಲಾ ಹಾಕ್ಬುಡು."

"ಏನೂ ಹಾಕ್ಬೇಡ ಜೆರೋಮ್," ಎಂದಳು ಗಿರಿಜಾಂಬಾ. "ಎಲ್ಲಾ ಬಿಚ್ಚು. ಪ್ಲೇಟ್ ತೆಗ್ದು ನನ್ ಬಂಪರ್ ಕೂರ್ಸು. ನಾಳೆ ಏಳು ಗಂಟೆಗೆ ಶಾಂತಾದೇವಿ ಅನ್ನೋರು ಮೊದಲ್ನೇ ಸಲ ಬೆಟ್ಟ ಹತ್ತಿಸ್ತಾರೆ."

"ಮತ್ತೆ ಕೊಡೈಕೆನಾಲಲ್ಲಿ ನಾನು ಓಡಾಡೋದು ಹೆಂಗೆ?"

"ನಡೀರಿ. ಅವತ್ತು ಬೆಟ್ಟದಿಂದ ನಾನು ನಡ್ಕೊಂಡ್ ಬರ್ಲಿಲ್ವಾ?"

ಲಿಂಗರಾಜು ಮೂಗು ಸವರಿಕೊಳ್ಳುತ್ತ ಅವಳನ್ನೇ ನೋಡಿದ. "ಯಾವತ್ತು?" ಎಂದ. ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ನೆನಪೇ ಇರಲಿಲ್ಲ.

ಗಿರಿಜಾಂಬಾ ಬಸ್ಸಿನ ಕೀಲಿಯನ್ನು ಅವನ ಅಂಗೈಗೆ ಹಾಕಿ, ಬೆಂಚಿನ ಮೇಲಿದ್ದ ಸ್ಪ್ಯಾನರನ್ನು ಜೆರೋಮನಿಗೆ ಎತ್ತಿಕೊಟ್ಟಳು.